ಕೋಮಾದಲ್ಲಿರುವವರ ವೆಂಟಿಲೇಟರ್ ತೆಗೆಸುವ ಕ್ರಮ

ಕೋಮಾ ಎಂದ ಮಾತ್ರಕ್ಕೆ ಆಸೆ ಮುಗಿಯಿತೆಂದಲ್ಲ. ಚೇತರಿಕೆ ಸಾಧ್ಯವಿಲ್ಲವೆಂದು ಚಿಕಿತ್ಸೆ ಕೊಡುತ್ತಿರುವ ವೈದ್ಯರು ಕೇಸ್ ಶೀಟಿನಲ್ಲಿ ಬರೆಯಲಿ.

ರೋಗಿ ಮೊದಲೇ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದ, ಇಂಥ ಸ್ಥಿತಿಯಲ್ಲಿ ಚಿಕಿತ್ಸೆ ಬೇಡವೆಂಬ ಇಚ್ಛಾಪತ್ರ (ಲಿವಿಂಗ್ ವಿಲ್) ಇದ್ದರೆ ಆಸ್ಪತ್ರೆಗೆ ಕೊಡಿ. ಇಲ್ಲದಿದ್ದರೆ ಹತ್ತಿರದ ಬಂಧುಗಳ ಲಿಖಿತ ಒಪ್ಪಿಗೆ ಬೇಕು. ಅಣ್ಣತಮ್ಮಂದಿರಲ್ಲಿ ಒಬ್ಬರು ಬೇಡವೆಂದರೂ ಕೆಲಸ ನಿಲ್ಲಬಹುದು. ಮೊದಲು ಮನೆಯಲ್ಲಿ ಕೂತು ಮಾತಾಡಿ.

2023ರ ಸುಪ್ರೀಂ ಕೋರ್ಟ್ ಆದೇಶದಂತೆ ಆಸ್ಪತ್ರೆ ವೈದ್ಯರ ಎರಡು ಮಂಡಳಿ ರಚಿಸಬೇಕು. ಮೊದಲನೆಯದರಲ್ಲಿ ಚಿಕಿತ್ಸೆಯ ವೈದ್ಯರು, ಜೊತೆಗೆ 5 ವರ್ಷ ಅನುಭವದ ಇಬ್ಬರು ತಜ್ಞರು. ಎರಡನೆಯದರಲ್ಲಿ ಬೇರೆ ಇಬ್ಬರು ತಜ್ಞರು, ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದ ಒಬ್ಬರು. ಪ್ರತಿ ಮಂಡಳಿಯೂ ಸಾಧ್ಯವಾದಷ್ಟು 48 ಗಂಟೆಯೊಳಗೆ ತೀರ್ಮಾನ ಹೇಳಬೇಕು. ತಡವಾಗುವುದು ಜಿಲ್ಲಾ ಆರೋಗ್ಯಾಧಿಕಾರಿ ಮಾಡಬೇಕಾದ ನೇಮಕದಲ್ಲೇ. ಇದರ ಬಗ್ಗೆ ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಹೊರಡಿಸಿದ ಸುತ್ತೋಲೆ ತೋರಿಸಿ ಕೇಳಿ. ತೆಗೆಯುವ ಮುನ್ನ ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಲೇಬೇಕು.

ಎರಡನೇ ಮಂಡಳಿ ನಿರಾಕರಿಸಿದರೆ ಹೈಕೋರ್ಟಿಗೆ (ಕಲಬುರಗಿ ಭಾಗದವರಾದರೆ ಅದರ ಕಲಬುರಗಿ ಪೀಠಕ್ಕೆ) ರಿಟ್ ಅರ್ಜಿ ಹಾಕಬಹುದು. ನೋವುನಿವಾರಕ ಮಾತ್ರ ಕೊನೆತನಕ ನಿಲ್ಲಬಾರದು.