ಶರಣಾದ ಗಾಬ್ಲಿನ್‌ನನ್ನು ಏನು ಮಾಡೋದು?

ನಾಲ್ಕು ವರ್ಷದಿಂದ ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಊಟದ ಮೇಜಿನ ಮೇಲೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಡೆಯುತ್ತದೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟುವ ಆಟ ಇದು. ಕಥೆ ನಡೆಸುವ ಡಿಎಂ (ಡಂಜನ್ ಮಾಸ್ಟರ್) ನಾನು. ಶುರುವಿನಲ್ಲೇ ಒಂದು ದೊಡ್ಡ ತಪ್ಪು ಮಾಡಿದ್ದೆ.

ಕಥೆಯ ಗುಹೆಯಲ್ಲಿ ಒಬ್ಬ ಗಾಬ್ಲಿನ್, ಅಂದರೆ ಕುಳ್ಳ ರಾಕ್ಷಸ, ಕತ್ತಿ ಕೆಳಗಿಟ್ಟು ಶರಣಾದ. ಬಿಟ್ಟರೆ ತನ್ನವರಿಗೆ ಸುದ್ದಿ ಮುಟ್ಟಿಸುತ್ತಾನೆ. ಕೊಂದರೆ ಶರಣು ಬಂದವನನ್ನು ಕೊಂದ ಹಾಗೆ. ಪ್ಯಾಲಡಿನ್, ಅಂದರೆ ಧರ್ಮಯೋಧನ ಪಾತ್ರ ಆಡುತ್ತಿದ್ದ ಗೆಳೆಯ ತುಂಬಾ ಹೊತ್ತು ಯೋಚಿಸಿ ಕೊಂದ. ತಕ್ಷಣ ನಾನು, 'ನಿನ್ನ ಶಕ್ತಿ ಹೋಯಿತು' ಅಂದೆ. ಅವನು ದಾಳಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದ. ಸಂಜೆವರೆಗೂ ಮಾತಾಡಲಿಲ್ಲ. ಬಿಟ್ಟಿದ್ದರೂ ನಾನು ಊರಿಗೆ ಬೆಂಕಿ ಹಚ್ಚಿಸುವವನೇ. ಅವನಿಗೆ ನಾನು ಕೊಟ್ಟಿದ್ದು ಆಯ್ಕೆಯಲ್ಲ, ಬಲೆ.

ನನ್ನ ತಲೆಯಲ್ಲಿ ಹಳೆಯ ನಿಯಮ ಕೂತಿತ್ತು. 1974ರ ಮೊದಲ ಆಟದಲ್ಲಿ ಪಾತ್ರಗಳಿಗೆ ಲಾ (ಕಟ್ಟಳೆ), ನ್ಯೂಟ್ರಾಲಿಟಿ (ತಟಸ್ಥ), ಕೇಯಾಸ್ (ಅರಾಜಕತೆ) ಅಂತ ಮೂರೇ ಪಕ್ಷ. 1978ರ ಅಡ್ವಾನ್ಸ್‌ಡ್ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಅಲೈನ್‌ಮೆಂಟ್, ಅಂದರೆ ಪಾತ್ರದ ನೈತಿಕ ನಿಲುವು, ಒಂಬತ್ತು. ಅಲ್ಲಿ ಪ್ಯಾಲಡಿನ್ ಬೇಕಂತಲೇ ಕೆಟ್ಟ ಕೆಲಸ ಮಾಡಿದರೆ ಅವನ ಪದವಿ ಮತ್ತೆ ಸಿಗದ ಹಾಗೆ ಹೋಗುತ್ತಿತ್ತು. ನಾವು ಆಡುವುದು 2014ರ ಐದನೇ ಆವೃತ್ತಿ. ಇದರಲ್ಲಿ ಅವನನ್ನು ಕಟ್ಟಿಹಾಕುವುದು ತಾನೇ ತೊಟ್ಟ ಪ್ರತಿಜ್ಞೆ. 'ಡಿಟೆಕ್ಟ್ ಈವಿಲ್ ಅಂಡ್ ಗುಡ್' ಮಂತ್ರ ಕೂಡ ಎದುರಿಗಿರುವ ಮನುಷ್ಯ ಕೆಟ್ಟವನಾ ಅಂತ ಹೇಳುವುದಿಲ್ಲ. ಹತ್ತಿರದಲ್ಲಿ ಪಿಶಾಚಿ, ದೇವಲೋಕದ ಜೀವಿ ಅಂಥವು ಇದ್ದರೆ ತೋರಿಸುತ್ತದೆ, ಅಷ್ಟೇ. ನನಗೆ ಇದು ತುಂಬಾ ಇಷ್ಟ. ತೀರ್ಪು ಮೇಜಿನ ಸುತ್ತ ಕೂತವರಿಗೇ ಉಳಿಯುತ್ತದೆ ಅಲ್ವಾ?

ಗೆಳೆಯನ ಕ್ಷಮೆ ಕೇಳಿದೆ. ಆಮೇಲೆ ಆಡಿಸುವ ರೀತಿ ಬದಲಾಯಿಸಿದೆ. ಪಾತ್ರಕ್ಕೆ ಗೊತ್ತಿರಬೇಕಾದ್ದನ್ನು ಮೊದಲೇ ಹೇಳುತ್ತೇನೆ. ಎದುರಾಳಿಗೆ ಒಂದು ಹೆಸರು, ಒಂದು ಕೊರತೆ ಕೊಡುತ್ತೇನೆ. ಉತ್ತರ ಮಾತ್ರ ಬರೆದಿಟ್ಟುಕೊಳ್ಳುವುದಿಲ್ಲ.

ಹೀಗೇ ಒಮ್ಮೆ ಬರಗಾಲದ ಊರಿನಿಂದ 12 ಮೂಟೆ ಬಿತ್ತನೆ ಕಾಳು ಕಳುವಾಗಿತ್ತು. ಕದ್ದವಳು ಗಾಬ್ಲಿನ್ ತಾಯಿ, ಹೆಸರು ಮಿರ್ಕಿ. ಒಲೆಯ ಮೇಲಿನ ಮಡಕೆಯಲ್ಲಿ ಅದೇ ಕಾಳು ಬೇಯುತ್ತಿತ್ತು. ಸುತ್ತ ಐದು ಮಕ್ಕಳು. ನಮ್ಮವರು ಅರ್ಧ ಗಂಟೆ ವಾದ ಮಾಡಿದರು. ಟೀ ಆರಿಹೋಯಿತು. ಕೊನೆಗೆ ಆರು ಮೂಟೆ ಅವಳಿಗೇ ಬಿಟ್ಟು, ಆರು ವಾಪಸ್ ತಂದರು.

ಪ್ಯಾಲಡಿನ್‌ನದು ಡಿವೋಷನ್ ಪ್ರತಿಜ್ಞೆ, ಸುಳ್ಳು ಹೇಳುವಂತಿಲ್ಲ. ಊರ ಹಿರಿಯನಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದ. 'ಹಾಗಾದರೆ ನಾವು ಬಿತ್ತೋದು ಏನನ್ನ?' ಅಂತ ಹಿರಿಯನಾಗಿ ನಾನು ಕೇಳಿದೆ. ಗೆಳೆಯ ಸುಮ್ನೆ ತನ್ನ ಪಾತ್ರದ ವಿವರ ಬರೆದಿದ್ದ ಹಾಳೆ ನೋಡಿದ. ಹೊಸ ಕವಚಕ್ಕೆ ಅಂತ ತಿಂಗಳುಗಟ್ಟಲೆ ಕೂಡಿಟ್ಟಿದ್ದ ಚಿನ್ನದ ಲೆಕ್ಕವನ್ನು ರಬ್ಬರ್‌ನಿಂದ ಅಳಿಸಿ ಸೊನ್ನೆ ಬರೆದ.

ಮುಂದಿನ ಭಾನುವಾರ ಆ ಊರಿನ ಬಿತ್ತನೆಯಿಂದಲೇ ಕಥೆ ಶುರು ಮಾಡಿದೆ.