ಕೋಡ್ ಎಡಿಟರ್‌ಗೆ ಬೆಚ್ಚನೆಯ, ಎಲ್ಲರಿಗೂ ಓದಲು ಬರುವ ಬಣ್ಣಗಳು

ಕೋಡ್ ಎಡಿಟರ್‌ಗೆ ಬೆಚ್ಚನೆಯ ಥೀಮ್, ಅಂದರೆ ಬಣ್ಣಗಳ ಜೋಡಣೆ, ಕಟ್ಟುವವರು ಹಿನ್ನೆಲೆಯ ಜೊತೆಗೆ ಅಕ್ಷರಗಳನ್ನೂ ಮಂದಗೊಳಿಸಿಬಿಡುತ್ತಾರೆ; ತೊಂದರೆ ಶುರುವಾಗುವುದೇ ಅಲ್ಲಿಂದ. 2011ರಲ್ಲಿ ಈಥನ್ ಸ್ಕೂನೋವರ್ ರೂಪಿಸಿದ ಸೋಲರೈಸ್ಡ್ ಎಂಬ ಥೀಮ್‌ನ ತಿಳಿ ಆವೃತ್ತಿಯ ಹಿನ್ನೆಲೆ ಬಹಳ ಸೊಗಸಾದ ಕೆನೆಬಣ್ಣ, ಆದರೆ ಅದರ ಮೇಲೆ ಕಾಮೆಂಟ್‌ಗಳ (ಕೋಡ್‌ನ ನಡುವೆ ಬರೆಯುವ ಟಿಪ್ಪಣಿಗಳ) ಕಾಂಟ್ರಾಸ್ಟ್, ಅಂದರೆ ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ಅನುಪಾತ, ಸುಮಾರು 2.5ಕ್ಕೆ 1 ಮಾತ್ರ. ವೆಬ್ ಸುಲಭಲಭ್ಯತೆಯ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿಯ ಎಎ ಮಟ್ಟವು ಸಾಮಾನ್ಯ ಗಾತ್ರದ ಅಕ್ಷರಗಳಿಗೆ ಕನಿಷ್ಠ 4.5ಕ್ಕೆ 1 ಇರಬೇಕೆನ್ನುತ್ತದೆ. ಹಿನ್ನೆಲೆ ಬೆಚ್ಚಗಿರಲಿ, ಅಕ್ಷರ ಗಾಢವಾಗಿರಲಿ ಎಂಬುದೇ ಇಲ್ಲಿ ನಾವು ಪಾಲಿಸುವ ನಿಯಮ.

ಅದೇ ಕೆನೆಬಣ್ಣವನ್ನು, ಅಂದರೆ ಕೆಂಪು 253, ಹಸಿರು 246, ನೀಲಿ 227 ಇರುವ ಬಣ್ಣವನ್ನು, ಹಿನ್ನೆಲೆಯಾಗಿ ಇಟ್ಟುಕೊಳ್ಳಿ. ಸಾಮಾನ್ಯ ಪಠ್ಯಕ್ಕೆ 60, 56, 54ರ ಕಡುಕಂದು ಕೊಟ್ಟರೆ ಕಾಂಟ್ರಾಸ್ಟ್ 10ನ್ನು ದಾಟುತ್ತದೆ. ಕೀವರ್ಡ್‌ಗಳಿಗೆ (ಪ್ರೋಗ್ರಾಮಿಂಗ್ ಭಾಷೆಯ ಮೀಸಲು ಪದಗಳಿಗೆ) 157, 0, 6ರ ಇಟ್ಟಿಗೆಗೆಂಪು, ಸ್ಟ್ರಿಂಗ್‌ಗಳಿಗೆ (ಉದ್ಧರಣ ಚಿಹ್ನೆಗಳೊಳಗಿನ ಪಠ್ಯಕ್ಕೆ) 7, 102, 120ರ ಹಸಿರುಮಿಶ್ರಿತ ನೀಲಿ ಹೊಂದುತ್ತವೆ. ಸ್ಟ್ರಿಂಗ್‌ಗೆ ಅಪ್ಪಟ ಹಸಿರನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಕೆಂಪು-ಹಸಿರು ಬಣ್ಣಗುರುಡು ಇರುವವರಿಗೆ ಕೆಂಪಿನ ಪಕ್ಕದ ಹಸಿರು ಬೇರೆಯಾಗಿ ತೋರುವುದು ಕಷ್ಟ.

ಹೆಚ್ಚು ಎಚ್ಚರ ಬೇಕಾಗುವುದು ಕಾಮೆಂಟ್‌ಗಳ ಬಣ್ಣಕ್ಕೆ. 112, 100, 84ರ ತಿಳಿಗಂದು ಕೆನೆಯ ಮೇಲೆ 5.3ರಷ್ಟು ಕಾಂಟ್ರಾಸ್ಟ್ ಕೊಡುವುದರಿಂದ ಸಾಕೆನಿಸುತ್ತದೆ. ಆದರೆ ಸಾಲನ್ನು ಆಯ್ಕೆ ಮಾಡಿದಾಗ ಬರುವ ಹಿನ್ನೆಲೆಗೆ 235, 219, 178ರ ಗೋಧಿಬಣ್ಣ ಇಟ್ಟಿದ್ದರೆ ಅದೇ ಕಾಮೆಂಟ್ 4.2ಕ್ಕೆ ಕುಸಿಯುತ್ತದೆ. ಆದ್ದರಿಂದ ಕಾಮೆಂಟ್‌ಗೆ 98, 86, 72 ಬಳಸಿ: ಕೆನೆಯ ಮೇಲೆ ಸುಮಾರು 6.6, ಆಯ್ಕೆಯ ಮೇಲೆ 5.2 ಸಿಗುತ್ತದೆ. ಪ್ರತಿ ಬಣ್ಣವನ್ನೂ ಹೀಗೆ ಅದು ಕಾಣಿಸಿಕೊಳ್ಳುವ ಎಲ್ಲ ಹಿನ್ನೆಲೆಗಳ ಮೇಲೂ ಅಳೆಯಬೇಕು. ಹುಡುಕಾಟದ ಫಲಿತಾಂಶವನ್ನು ಗುರುತಿಸುವ ಹಿನ್ನೆಲೆಬಣ್ಣವನ್ನು ಜನ ಮರೆಯುವುದೇ ಹೆಚ್ಚು.

ಇನ್ನು ವಿಎಸ್ ಕೋಡ್ ಎಂಬ ಎಡಿಟರ್‌ನಲ್ಲಿ ಕಮಾಂಡ್ ಪ್ಯಾಲೆಟ್‌ನಿಂದ (ಆಜ್ಞೆಗಳನ್ನು ಹುಡುಕುವ ಪಟ್ಟಿಯಿಂದ) ಬಳಕೆದಾರರ ಸೆಟ್ಟಿಂಗ್ಸ್‌ನ ಜೇಸನ್ ಕಡತವನ್ನು ತೆರೆಯಿರಿ. ಹಿನ್ನೆಲೆ, ಪಠ್ಯ, ಆಯ್ಕೆಯ ಬಣ್ಣಗಳು ವರ್ಕ್‌ಬೆಂಚ್ ಕಲರ್ ಕಸ್ಟಮೈಸೇಶನ್ಸ್ ಅಡಿಯಲ್ಲಿಯೂ, ಕೀವರ್ಡ್, ಸ್ಟ್ರಿಂಗ್, ಕಾಮೆಂಟ್‌ಗಳವು ಎಡಿಟರ್ ಟೋಕನ್ ಕಲರ್ ಕಸ್ಟಮೈಸೇಶನ್ಸ್ ಅಡಿಯಲ್ಲಿಯೂ ಸೇರುತ್ತವೆ. ಮೇಲಿನ ಸಂಖ್ಯೆಗಳನ್ನು ಹೆಕ್ಸ್ (ಹದಿನಾರರ ಆಧಾರದ ಸಂಖ್ಯೆ) ರೂಪಕ್ಕೆ ಬದಲಿಸಿ ಬರೆಯಬೇಕು.

ಬಣ್ಣವೊಂದನ್ನೇ ನಂಬಬೇಡಿ. ಕೆಂಪನ್ನು ಗ್ರಹಿಸಲಾಗದ ಪ್ರೋಟನೋಪಿಯಾ ಇರುವವರಿಗೆ ನಮ್ಮ ಇಟ್ಟಿಗೆಗೆಂಪು ಬಹಳ ಕಪ್ಪಾಗಿ ತೋರಿ ಕಡುಕಂದು ಪಠ್ಯದಲ್ಲಿ ಬೆರೆತುಹೋಗುವ ಸಂಭವವಿದೆ. ಹಾಗಾಗಿ ಕೀವರ್ಡ್‌ಗಳನ್ನು ದಪ್ಪಕ್ಷರದಲ್ಲಿಡಿ. ದೋಷಗಳ ಕೆಳಗಿನ ಅಲೆಗೆರೆಯನ್ನೂ, ಕೋಡ್‌ನ ವ್ಯತ್ಯಾಸ ತೋರಿಸುವಾಗ ಬರುವ ಕೂಡು-ಕಳೆ ಚಿಹ್ನೆಗಳನ್ನೂ ತೆಗೆಯಬೇಡಿ.

ಕೊನೆಗೆ ವಿಎಸ್ ಕೋಡ್‌ನ ಬ್ರೌಸರ್ ಆವೃತ್ತಿಯನ್ನು ಕ್ರೋಮ್‌ನಲ್ಲಿ ತೆರೆದು, ಅಲ್ಲೂ ಇದೇ ಸೆಟ್ಟಿಂಗ್ಸ್ ಹಾಕಿ, ಡೆವಲಪರ್ ಟೂಲ್ಸ್‌ನ ರೆಂಡರಿಂಗ್ ವಿಭಾಗದಲ್ಲಿರುವ ದೃಷ್ಟಿದೋಷಗಳ ಅನುಕರಣೆಯನ್ನು ಒಂದೊಂದಾಗಿ ಆರಿಸಿ ನೋಡಿ. ರಾತ್ರಿ ಪರದೆಯ ನೀಲಿ ಬೆಳಕನ್ನು ತಗ್ಗಿಸುವ ಅಭ್ಯಾಸವಿದ್ದರೆ, ಆ ಸೌಲಭ್ಯವನ್ನು ಚಾಲೂ ಮಾಡಿ ಸ್ಟ್ರಿಂಗ್‌ಗಳ ಬಣ್ಣ ಆಗಲೂ ಪಠ್ಯದಿಂದ ಬೇರೆಯಾಗಿ ಕಾಣುತ್ತಿದೆಯೇ ಎಂದು ಪರೀಕ್ಷಿಸಿ.