ಮಳೆಗಾಲದ ಬಟ್ಟೆ: ಮೊದಲು ಸ್ಪಿನ್, ಆಮೇಲೆ ಫ್ಯಾನ್

ಆಷಾಢದ ಮಳೆ ಹಿಡಿದುಕೊಂಡರೆ ಮಲೆನಾಡು, ಕರಾವಳಿಯಲ್ಲಿ ಬಟ್ಟೆ ಒಗೆಯುವುದಕ್ಕಿಂತ ಒಣಗಿಸುವುದೇ ದೊಡ್ಡ ಕೆಲಸ. ರಾತ್ರಿಯಿಡೀ ಫ್ಯಾನ್ ಹಾಕಿದರೂ ಬೆಳಿಗ್ಗೆ ಪ್ಯಾಂಟಿನ ಸೊಂಟ, ಜೇಬು ಹಸಿ ಹಸಿ. ಬಟ್ಟೆ ಹಗ್ಗಕ್ಕೆ ಹೋಗುವ ಮೊದಲೇ ನೀರು ಇಳಿಸಿಬಿಟ್ಟರೆ ಅರ್ಧ ತಾಪತ್ರಯ ಅಲ್ಲಿಗೇ ಮುಗಿಯಿತು.

ಒಂದು ಕಿಲೋ ಹತ್ತಿ ಬಟ್ಟೆಯನ್ನು ಕೈಯಲ್ಲಿ ಎಷ್ಟು ಹಿಂಡಿದರೂ ಹೆಚ್ಚುಕಡಿಮೆ ಒಂದು ಲೀಟರ್ ನೀರು ಉಳಿದೇ ಇರುತ್ತದೆ. ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್ನಿನಲ್ಲಿ ಬಟ್ಟೆ ಹಿಂಡುವ ಸ್ಪಿನ್ ಟಬ್ ನಿಮಿಷಕ್ಕೆ 1300 ಸುತ್ತಿನ ಆಸುಪಾಸು ತಿರುಗಿ ಅದರಲ್ಲಿ ಅರ್ಧದಷ್ಟನ್ನು ಹೊರಗೆ ತಳ್ಳುತ್ತದೆ. 5 ನಿಮಿಷಕ್ಕೆ ಆಗುವ ಖರ್ಚು ಯೂನಿಟ್ಟಿನ ಐವತ್ತನೇ ಒಂದು ಭಾಗದ ಹತ್ತಿರ. 75 ವ್ಯಾಟಿನ ಹಳೇ ಫ್ಯಾನ್ 10 ಗಂಟೆ ತಿರುಗಿದರೆ ಮುಕ್ಕಾಲು ಯೂನಿಟ್. ಇನ್ನು ಇಸ್ತ್ರಿಪೆಟ್ಟಿಗೆಯಲ್ಲಿ ಒಣಗಿಸಲು ಹೋದರಂತೂ ಅರ್ಧ ಲೀಟರ್ ನೀರು ಆವಿಯಾಗುವುದಕ್ಕೇ ಮೂರನೇ ಒಂದು ಯೂನಿಟ್ಟಿಗಿಂತ ಹೆಚ್ಚು ಬೇಕು.

ಸ್ಪಿನ್ ಟಬ್ ತುಂಬುವುದರಲ್ಲೇ ಜಾಣತನ ಇರುವುದು. ಜೀನ್ಸ್, ಟವೆಲ್ಲಿನಂಥ ಭಾರದ ಬಟ್ಟೆ ತಳಕ್ಕೆ, ಪಂಚೆ, ಅಂಗಿ ಮೇಲಕ್ಕೆ. ಮುದ್ದೆ ಮಾಡಿ ತುರುಕಬೇಡಿ, ಗೋಡೆಯ ಸುತ್ತ ಒಂದೇ ಸಮ ಬರುವಂತೆ ಕೂರಿಸಿ ಕೈಯಿಂದ ಒತ್ತಿ. ಒಂದೇ ಜೀನ್ಸ್ ಇದ್ದರೆ ಎದುರು ಬದಿಗೆ ಒಂದು ಒದ್ದೆ ಟವೆಲ್ ಇಡಿ. ಮೇಲೆ ಪ್ಲಾಸ್ಟಿಕ್ ಬಿಲ್ಲೆ ಮುಚ್ಚುವುದನ್ನು ಮರೆಯಲೇಬಾರದು. ಅದಿಲ್ಲದಿದ್ದರೆ ಕರವಸ್ತ್ರ, ಕಾಲುಚೀಲ ಎದ್ದು ಟಬ್ಬಿನ ಸಂದಿಗೆ ಜಾರಿ, ಕೆಳಗಿನ ದಂಡಕ್ಕೆ ಸುತ್ತಿಕೊಂಡು ಮೆಷಿನ್ನನ್ನೇ ನಿಲ್ಲಿಸುತ್ತವೆ. ದಡದಡ ಸದ್ದು ಬಂದರೆ ಕೂಡಲೇ ನಿಲ್ಲಿಸಿ, ಬಟ್ಟೆ ಬಿಡಿಸಿ ಮತ್ತೆ ಜೋಡಿಸಿ.

ಹೆಚ್ಚಿನವರು ಒಂದು ಸಲ ತಿರುಗಿಸಿ ಮುಗಿಸಿಬಿಡುತ್ತಾರೆ. 3 ನಿಮಿಷ ತಿರುಗಿಸಿ, ಬಟ್ಟೆ ಹೊರಗೆ ತೆಗೆದು ಕೊಡವಿ, ಮಡಿಕೆ ಬದಲಿಸಿ ಇನ್ನೊಮ್ಮೆ 3 ನಿಮಿಷ ತಿರುಗಿಸಿ ನೋಡಿ. ಒತ್ತಾಗಿ ಅಂಟಿಕೊಂಡಿದ್ದ ಮಡಿಕೆಯೊಳಗಿನ ನೀರು ಎರಡನೇ ಸಲಕ್ಕೆ ಬಿಡುತ್ತದೆ, ಪೈಪಿನ ಬಾಯಲ್ಲಿ ಅದು ಕಣ್ಣಿಗೇ ಕಾಣುತ್ತದೆ. ಸೋಪುನೀರಿನಿಂದ ತೆಗೆದಾಗಲೂ ಜಾಲಿಸುವ ಮೊದಲು ಒಂದು ನಿಮಿಷ ಸ್ಪಿನ್ ಮಾಡಿದರೆ ನೊರೆ ಹೋಗಿ ಒಂದು ಸಲದ ಜಾಲಿಸುವ ನೀರು ಉಳಿಯುತ್ತದೆ. ಪೂರ್ತಿ ಆಟೋಮ್ಯಾಟಿಕ್ ಟಾಪ್ ಲೋಡ್ ಮೆಷಿನ್ ಇರುವವರಿಗೆ ಸ್ಪಿನ್ ವೇಗ 700ರ ಸುತ್ತಮುತ್ತಲೇ, ಹಾಗಾಗಿ ಕೊನೆಗೆ ಸ್ಪಿನ್ ಒಂದನ್ನೇ ಇನ್ನೊಮ್ಮೆ ಹಾಕಿ.

ರೇನ್‌ಕೋಟ್, ಪ್ಲಾಸ್ಟಿಕ್ ಹಾಳೆ, ರಬ್ಬರ್ ಮ್ಯಾಟ್ ಸ್ಪಿನ್ನಿಗೆ ಹಾಕಲೇಬೇಡಿ. ಅವು ನೀರು ಬಿಡದೆ ಒಂದೇ ಕಡೆ ಹಿಡಿದಿಟ್ಟುಕೊಂಡು ಟಬ್ ಒಡೆಯುವಷ್ಟು ಓಲಾಡಿಸುತ್ತವೆ. ಜರಿ ಸೀರೆ, ರೇಷ್ಮೆಯೂ ಬೇಡ. ಉಣ್ಣೆಯ ಸ್ವೆಟರನ್ನು ಮಾತ್ರ ಬಲೆ ಚೀಲದಲ್ಲಿಟ್ಟು ಒಂದು ನಿಮಿಷ ತಿರುಗಿಸಬಹುದು. ನೀರಿನ ಭಾರಕ್ಕೆ ಜೋತು ಉದ್ದವಾಗುವುದು ತಪ್ಪುತ್ತದೆ.

ಸ್ಪಿನ್ ಆದ ಬಟ್ಟೆಯನ್ನು ಟಬ್ಬಿನಲ್ಲೇ ಬಿಟ್ಟರೆ ಸುಕ್ಕು, ಮೇಲಿಂದ ಮುಗ್ಗಲು ವಾಸನೆ. ತಕ್ಷಣ ಕೊಡವಿ, ಜೀನ್ಸಿನ ಜೇಬು ಹೊರಗೆ ಎಳೆದು, ನಾಲ್ಕು ಬೆರಳಿನಷ್ಟು ಸಂದು ಬಿಟ್ಟು ಹರವಿ. ಮೇಲಿನ ಫ್ಯಾನಿಗಿಂತ ಪಕ್ಕದಿಂದ ಬೀಸುವ ಟೇಬಲ್ ಫ್ಯಾನ್ ಒಳ್ಳೆಯದು. ಕಿಟಕಿ ಒಂದನ್ನು ಸ್ವಲ್ಪವಾದರೂ ತೆರೆದಿಡಿ, ಬಟ್ಟೆ ಬಿಟ್ಟ ತೇವ ಹೊರಹೋಗಬೇಕಲ್ಲ.

ಸ್ಪಿನ್ ನಿಧಾನವಾಗಿದ್ದರೆ ಮೊದಲು ನೋಡಬೇಕಾದ್ದು ನೀರು ಹೋಗುವ ಪೈಪು. ಅದು ಮೇಲಕ್ಕೆ ಎದ್ದಿದ್ದರೆ ಅಥವಾ ಮಡಚಿದ್ದರೆ ನೀರು ಕೆಳಗೆ ನಿಂತು ಟಬ್ಬನ್ನು ಹಿಡಿಯುತ್ತದೆ. ಪೈಪು ಸರಿಯಿದ್ದೂ ಗುಂಯ್ ಎಂದು ತಿರುಗದೆ ನಿಂತರೆ ಸಂದಿಯಲ್ಲಿ ಬಟ್ಟೆ ಸಿಕ್ಕಿದೆ, ಇಲ್ಲವೇ ಮೋಟಾರನ್ನು ಶುರು ಮಾಡಿಸುವ ಕೆಪಾಸಿಟರ್ ಹೋಗಿದೆ. ಮುಚ್ಚಳ ತೆಗೆದ ಮೇಲೂ ಟಬ್ ಬಹಳ ಹೊತ್ತು ಸುತ್ತುತ್ತಿದ್ದರೆ ಬ್ರೇಕ್ ಸವೆದಿದೆ ಅಥವಾ ಅದರ ತಂತಿ ಸಡಿಲವಾಗಿದೆ. ರಿಪೇರಿಯವರು ಬರುವ ತನಕ ಸ್ಪಿನ್ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಸುತ್ತುವ ಬಟ್ಟೆಗೆ ಬೆರಳು ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ.